‘ರಿಯಾಲಿಟಿ ಚೆಕ್’: ಚೆಕ್ ಆಗುವುದು ಯಾವುದು? ಇಂಗ್ಲಿಷ್‌ನಲ್ಲಿ ಬಳಸುವ ಮುನ್ನ ನೋಡಿಕೊಳ್ಳಬೇಕಾದದ್ದು

ಕನ್ನಡ ಸುದ್ದಿವಾಹಿನಿ ನೋಡುವ ಅಭ್ಯಾಸ ಇರುವವರಿಗೆ ‘ರಿಯಾಲಿಟಿ ಚೆಕ್’ ಎಂಬ ಮಾತು ಹೊಸದಲ್ಲ. ಸರ್ಕಾರಿ ಆಸ್ಪತ್ರೆಯ ವಾರ್ಡು, ಹಾಸ್ಟೆಲ್ಲಿನ ಅಡುಗೆಮನೆ, ಗುಂಡಿ ಬಿದ್ದ ರಸ್ತೆ, ಬೀಗ ಜಡಿದ ಶುದ್ಧ ನೀರಿನ ಘಟಕ. ವರದಿಗಾರ ಮೈಕ್ ಹಿಡಿದು ಒಳಗೆ ನುಗ್ಗುತ್ತಾನೆ, ಕ್ಯಾಮೆರಾ ಹಿಂದೆಯೇ ಹೋಗುತ್ತದೆ, ಪರದೆಯ ಕೆಳಗಿನ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಆ ಎರಡು ಪದ. ಹೀಗಾಗಿ ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಇದರ ಅರ್ಥ ‘ಖುದ್ದು ಹೋಗಿ ನೋಡಿ ಬರುವುದು’ ಎಂದೇ ಕೂತುಬಿಟ್ಟಿದೆ.

ಇದೇ ಅರ್ಥ ಇಟ್ಟುಕೊಂಡು ಇಂಗ್ಲಿಷ್‌ನಲ್ಲಿ ಬರೆಯಲು ಕೂತಾಗ ತೊಡಕು ಶುರುವಾಗುತ್ತದೆ. ಬೆಂಗಳೂರಿನ ಎಂಜಿನಿಯರ್ ಒಬ್ಬರು ಲಂಡನ್ನಿನ ಮ್ಯಾನೇಜರ್‌ಗೆ ‘ಟುಮಾರೋ ಐ ವಿಲ್ ಡೂ ರಿಯಾಲಿಟಿ ಚೆಕ್ ಆಫ್ ದ ಸೈಟ್’ ಎಂದು ಇಮೇಲ್ ಹಾಕಿದರು ಅಂದುಕೊಳ್ಳಿ. ಇವರು ಹೇಳಬೇಕೆಂದದ್ದು ‘ನಾಳೆ ಸೈಟಿಗೆ ಹೋಗಿ ನೋಡಿ ಬರುತ್ತೇನೆ’ ಎಂದು. ಓದಿದವನಿಗೆ ಹೊಳೆಯುವುದು ಬೇರೆ: ಈ ಪ್ರಾಜೆಕ್ಟಿನ ಬಗ್ಗೆ ನಾವೇನೋ ಭ್ರಮೆಯಲ್ಲಿದ್ದೇವೆ, ಇವರು ಅದನ್ನು ಇಳಿಸಲು ಹೊರಟಿದ್ದಾರೆ! ‘ಸೈಟ್ ವಿಸಿಟ್’ ಅಥವಾ ‘ಇನ್ಸ್‌ಪೆಕ್ಷನ್’ ಎಂದಿದ್ದರೆ ಮುಗಿದುಹೋಗುತ್ತಿತ್ತು.

ಇಂಗ್ಲಿಷ್‌ನ ರೂಢಿಯಲ್ಲಿ ರಿಯಾಲಿಟಿ ಚೆಕ್ ಎಂದರೆ, ನಾವು ನಂಬಿಕೊಂಡು ಕೂತಿದ್ದಕ್ಕೂ ನಿಜಕ್ಕೂ ಎಷ್ಟು ದೂರ ಇದೆ ಎಂದು ತೋರಿಸಿಕೊಡುವ ಸಂದರ್ಭ, ಮಾತು ಅಥವಾ ಪೆಟ್ಟು. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಆಸ್ಪತ್ರೆಯೂ ಅಲ್ಲ, ರಸ್ತೆಯೂ ಅಲ್ಲ. ಒಬ್ಬರ ತಲೆಯೊಳಗಿನ ನಂಬಿಕೆ. ಇದೊಂದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ಹೆಜ್ಜೆ 1: ಮೊದಲು ಭ್ರಮೆ ಎಲ್ಲಿದೆ ಹುಡುಕಿ

ಈ ನುಡಿಗಟ್ಟು ಬಳಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾರು, ಏನನ್ನು ಹೆಚ್ಚಾಗಿ ನಂಬಿದ್ದರು? ಉತ್ತರ ಸಿಕ್ಕರೆ ಬಳಸಿ. ಸಿಗದಿದ್ದರೆ ಬೇರೆ ಪದ ನೋಡಿ.

ನಮ್ಮವರಿಗೆ ಚೆನ್ನಾಗಿ ನೆನಪಿರುವ ಒಂದು ಉದಾಹರಣೆ. 2016ರ ಐಪಿಎಲ್‌ನಲ್ಲಿ ವಿರಾಟ್ ಕೊಹ್ಲಿ 973 ರನ್ ಹೊಡೆದರು, ಆರ್‌ಸಿಬಿ ಫೈನಲ್ ತಲುಪಿತು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ 8 ರನ್‌ಗಳಿಂದ ಸನ್‌ರೈಸರ್ಸ್ ಹೈದರಾಬಾದ್‌ಗೆ ಸೋತಿತು. ಕಪ್ ಬರದಿದ್ದರೂ ಒಂದು ನಂಬಿಕೆ ಮಾತ್ರ ಗಟ್ಟಿಯಾಗಿತ್ತು: ಗೇಲ್, ಕೊಹ್ಲಿ, ಡಿವಿಲಿಯರ್ಸ್ ಇರುವಾಗ ಯಾವ ಮೊತ್ತವೂ ದೊಡ್ಡದಲ್ಲ. 2017ರ ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತಾ ತಂಡ 131ಕ್ಕೆ ಆಲೌಟ್ ಆಯಿತು. ಮೂವರೂ ಆಡುತ್ತಿದ್ದರು. ಆರ್‌ಸಿಬಿ 49ಕ್ಕೆ ಉದುರಿತು, ಹತ್ತು ಓವರ್ ಕೂಡ ಪೂರ್ತಿ ಆಡಲಿಲ್ಲ, ಒಬ್ಬನೇ ಒಬ್ಬ ಬ್ಯಾಟರ್ ಎರಡಂಕಿ ಮುಟ್ಟಲಿಲ್ಲ. ಇದೇ ತಂಡ ಇದೇ ಏಪ್ರಿಲ್ 23ರಂದು, 2013ರಲ್ಲಿ, ಪುಣೆ ವಿರುದ್ಧ 263 ಬಾರಿಸಿತ್ತು ಎಂಬುದನ್ನು ಸೇರಿಸಿಕೊಂಡರೆ ನಂಬಿಕೆ ಎಷ್ಟು ಎತ್ತರದಲ್ಲಿತ್ತು, ಎಲ್ಲಿಂದ ಬಿತ್ತು ಎಂಬುದು ಗೊತ್ತಾಗುತ್ತದೆ. ‘ದಟ್ ನೈಟ್ ವಾಸ್ ಎ ರಿಯಾಲಿಟಿ ಚೆಕ್ ಫಾರ್ ಆರ್‌ಸಿಬಿ ಫ್ಯಾನ್ಸ್.’ ಇಲ್ಲಿ ಮಾತು ಸರಿಯಾಗಿ ಕೂರುತ್ತದೆ. ನಂಬಿದವರು ಇದ್ದರು, ನಂಬಿಕೆ ಇತ್ತು, ಅದನ್ನು ಇಳಿಸಿದ ಘಟನೆಯೂ ಇತ್ತು.

ಈಗ ಇದಕ್ಕೆ ಹೊಂದದ ಒಂದು ಪ್ರಸಂಗ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟುವ ಮೊದಲೇ ಸಂಪರ್ಕ ಕಡಿದುಕೊಂಡಿತು. ಬೆಂಗಳೂರಿನ ಪೀಣ್ಯದ ಬಳಿಯ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಕೂತವರಿಗೆ ಅದು ದೊಡ್ಡ ನೋವು. ಆದರೆ ಅದನ್ನು ಇಸ್ರೋಗೆ ಆದ ರಿಯಾಲಿಟಿ ಚೆಕ್ ಎನ್ನಲು ಬರುವುದಿಲ್ಲ. ಕೊನೆಯ 15 ನಿಮಿಷ ಎಷ್ಟು ಭಯ ಹುಟ್ಟಿಸುವಂಥದ್ದು ಎಂದು ಆಗಿನ ಅಧ್ಯಕ್ಷ ಕೆ. ಶಿವನ್ ಮೊದಲೇ ಹೇಳಿದ್ದರು. ಸುಲಭ ಎಂಬ ಭ್ರಮೆ ಅಲ್ಲಿ ಯಾರಿಗೂ ಇರಲಿಲ್ಲ. ಇಂಥದ್ದಕ್ಕೆ ಇಂಗ್ಲಿಷ್‌ನಲ್ಲಿ ‘ಸೆಟ್‌ಬ್ಯಾಕ್’ ಎನ್ನುತ್ತಾರೆ, ಅಂದರೆ ಹಿನ್ನಡೆ. ಹಿನ್ನಡೆ ಎಲ್ಲವೂ ರಿಯಾಲಿಟಿ ಚೆಕ್ ಆಗುವುದಿಲ್ಲ. ಪತ್ರಿಕೆಗಳ ಕ್ರೀಡಾ ಪುಟ ಮತ್ತು ವಾಣಿಜ್ಯ ಪುಟಗಳಲ್ಲಿ ಈ ಎರಡನ್ನೂ ಬೆರೆಸಿಬಿಡುವುದು ಮಾಮೂಲಿಯಾಗಿದೆ. ಸೋತವರೆಲ್ಲ ಅಹಂಕಾರಿಗಳಾಗಿದ್ದರು ಎಂಬ ಧ್ವನಿ ತಾನಾಗಿಯೇ ಬಂದುಬಿಡುತ್ತದೆ ಎಂಬುದನ್ನು ಬರೆದವರು ಗಮನಿಸಿರುವುದಿಲ್ಲ.

ಇನ್ನೊಂದು ಸೂಕ್ಷ್ಮ. ನಂಬಿಕೆ ಸಾಮಾನ್ಯವಾಗಿ ಹಿಗ್ಗಿದ್ದಿರಬೇಕು. ಫೇಲ್ ಆಗುತ್ತೇನೆ ಎಂದು ಹೆದರಿದ್ದ ಹುಡುಗಿ ಡಿಸ್ಟಿಂಕ್ಷನ್ ತೆಗೆದುಕೊಂಡರೆ ಅದನ್ನು ಹೀಗೆ ಕರೆಯುವುದಿಲ್ಲ, ಅದು ‘ಪ್ಲೆಸೆಂಟ್ ಸರ್‌ಪ್ರೈಸ್’. ಮೇಲೆ ಹಾರುತ್ತಿದ್ದವರನ್ನು ಕೆಳಗಿಳಿಸುವ ಕೆಲಸಕ್ಕೇ ಈ ಮಾತು.

‘ಚೆಕ್’ ಎಂಬುದರ ಒಳಗೆ ಏನಿದೆ

ನಾವು ‘ಚೆಕ್ ಮಾಡು’ ಎಂದಾಗ ‘ಸರಿ ಇದೆಯಾ ನೋಡು’ ಎಂಬ ಅರ್ಥವಷ್ಟೇ ಬರುತ್ತದೆ. ಇಂಗ್ಲಿಷ್‌ನಲ್ಲಿ ಈ ಪದ ಬಂದದ್ದು ಚದುರಂಗದಿಂದ. ಪರ್ಶಿಯನ್ನಿನ ‘ಶಾಹ್’, ಅಂದರೆ ರಾಜ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷ್ ಸೇರಿ ‘ಚೆಕ್’ ಆಯಿತು. ನಿಮ್ಮ ರಾಜನಿಗೆ ಚೆಕ್ ಕೊಟ್ಟರೆ ಆಟದ ಉಳಿದ ಯೋಜನೆಯೆಲ್ಲ ನಿಲ್ಲಬೇಕು, ಮೊದಲು ಅದಕ್ಕೆ ಉತ್ತರ ಕೊಡಬೇಕು. ತಡೆಯುವುದು, ನಿಲ್ಲಿಸುವುದು ಎಂಬ ಅರ್ಥ ಹುಟ್ಟಿದ್ದು ಅಲ್ಲಿಂದ. ಪರಿಶೀಲಿಸುವುದು ಎಂಬುದು ಆಮೇಲೆ ಬಂದ ಅರ್ಥ. ರಿಯಾಲಿಟಿ ಚೆಕ್ ಎಂದಾಗ ಈ ಎರಡೂ ಅರ್ಥಗಳ ವಾಸನೆ ಇದೆ. ಓಡುತ್ತಿರುವ ಮನಸ್ಸನ್ನು ತಡೆದು ನಿಲ್ಲಿಸಿ, ‘ಇದನ್ನು ನೋಡು’ ಎನ್ನುವುದು.

ಕನಸಿನ ಬಗ್ಗೆ ಆಸಕ್ತಿ ಇರುವವರು ಇದೇ ಪದವನ್ನು ಇನ್ನೊಂದು ಕಡೆ ಕೇಳಿರಬಹುದು. ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ತಿಳಿಯಬೇಕೆನ್ನುವವರು ಹಗಲಿನಲ್ಲಿ ಆಗಾಗ ಮೂಗು ಹಿಡಿದು ಉಸಿರೆಳೆದು ನೋಡುತ್ತಾರೆ, ಅಥವಾ ಒಂದೇ ಸಾಲನ್ನು ಎರಡು ಸಲ ಓದುತ್ತಾರೆ. ಕನಸಿನಲ್ಲಾದರೆ ಸಾಮಾನ್ಯವಾಗಿ ಮುಚ್ಚಿದ ಮೂಗಿನಲ್ಲೂ ಉಸಿರು ಬರುತ್ತದೆ, ಓದಿದ ಸಾಲು ಎರಡನೇ ಸಲಕ್ಕೆ ಬದಲಾಗಿರುತ್ತದೆ. ಇದಕ್ಕೂ ರಿಯಾಲಿಟಿ ಚೆಕ್ ಎಂದೇ ಹೆಸರು. ಇಲ್ಲಿಯೂ ಪರೀಕ್ಷೆ ನಡೆಯುವುದು ‘ನಾನು ಎಚ್ಚರವಾಗಿದ್ದೇನೆ’ ಎಂಬ ನಂಬಿಕೆಯ ಮೇಲೆ, ಮೂಗಿನ ಮೇಲಲ್ಲ.

ಮನೋವೈದ್ಯರು ಬಳಸುವ ‘ರಿಯಾಲಿಟಿ ಟೆಸ್ಟಿಂಗ್’ ಮಾತ್ರ ಬೇರೆ. ಒಳಗಿನ ಕಲ್ಪನೆ ಯಾವುದು, ಹೊರಗಿನ ನಿಜ ಯಾವುದು ಎಂದು ಬೇರ್ಪಡಿಸಿ ನೋಡುವ ಮನಸ್ಸಿನ ಶಕ್ತಿಗೆ ಆ ಹೆಸರು. 1911ರಲ್ಲಿ ಫ್ರಾಯ್ಡ್ ಜರ್ಮನ್‌ನಲ್ಲಿ ಬರೆದ ಪ್ರಬಂಧದಷ್ಟು ಹಳೆಯದು. ಸ್ನೇಹಿತರ ಹರಟೆಯಲ್ಲಿ ಅದನ್ನು ತರುವುದು ಬೇಡ, ರೋಗದ ಮಾತಾಗಿಬಿಡುತ್ತದೆ.

ಹೆಜ್ಜೆ 2: ‘ಎ’ ಬಿಡಬೇಡಿ, ಸರಿಯಾದ ಕ್ರಿಯಾಪದ ಜೋಡಿಸಿ

ಕನ್ನಡದಲ್ಲಿ ‘ಎ’, ‘ದ’ ಇಲ್ಲದ್ದರಿಂದ ನಾವು ಮೊದಲು ಮರೆಯುವುದು ಅದನ್ನೇ. ‘ಐ ನೀಡ್ ರಿಯಾಲಿಟಿ ಚೆಕ್’ ಎಂದರೆ ಅರ್ಥ ತಲುಪುತ್ತದೆ, ವಾಕ್ಯ ಮಾತ್ರ ಕುಂಟುತ್ತದೆ. ಇದು ಎಣಿಸಬಹುದಾದ ನಾಮಪದ: ‘ಎ ರಿಯಾಲಿಟಿ ಚೆಕ್’, ಹೆಚ್ಚಾದರೆ ‘ರಿಯಾಲಿಟಿ ಚೆಕ್ಸ್’. ‘ಹಾರ್ಶ್’, ‘ಸೋಬರಿಂಗ್’, ‘ಮಚ್-ನೀಡೆಡ್’ ಎಂಬ ವಿಶೇಷಣಗಳು ಈ ಪದಕ್ಕಿಂತ ಮೊದಲು ಸಹಜವಾಗಿ ಬರುತ್ತವೆ.

ಕ್ರಿಯಾಪದಗಳ ವಿಷಯದಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಧ್ವನಿ ಬದಲಾಗುವುದೇ ಅಲ್ಲಿ. ‘ಗೆಟ್’ ಎಂದರೆ ಪೆಟ್ಟು ತಿಂದವರ ಕಡೆಯಿಂದ ಹೇಳುವುದು: ‘ಹೀ ಗಾಟ್ ಎ ರಿಯಾಲಿಟಿ ಚೆಕ್ ವೆನ್ ಹೀ ಸಾ ದ ರೆಂಟ್ಸ್ ಇನ್ ಡಬ್ಲಿನ್’, ಡಬ್ಲಿನ್‌ನ ಬಾಡಿಗೆ ನೋಡಿದ ಮೇಲೆ ಅವನ ಲೆಕ್ಕಾಚಾರ ನೆಲಕ್ಕೆ ಬಂತು. ‘ಗಿವ್’ ಎಂದರೆ ಕೊಟ್ಟವರ ಕಡೆಯಿಂದ: ‘ಹರ್ ಸಿಸ್ಟರ್ ಗೇವ್ ಹರ್ ಎ ರಿಯಾಲಿಟಿ ಚೆಕ್’, ಅಕ್ಕ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ‘ಕಮ್ ಆ್ಯಸ್’, ‘ಸರ್ವ್ ಆ್ಯಸ್’ ಇವು ಪತ್ರಿಕೆ, ವರದಿಗಳ ಭಾಷೆ: ‘ದ ಮಾಕ್ ಟೆಸ್ಟ್ ಕೇಮ್ ಆ್ಯಸ್ ಎ ರಿಯಾಲಿಟಿ ಚೆಕ್.’ ‘ಟೈಮ್ ಫಾರ್ ಎ ರಿಯಾಲಿಟಿ ಚೆಕ್’ ಎಂಬುದು ಸಭೆಗಳಲ್ಲಿ ಕೇಳುವ ಮಾತು, ‘ಕನಸು ಸಾಕು, ಲೆಕ್ಕಕ್ಕೆ ಬನ್ನಿ’ ಎಂಬ ಧಾಟಿ. ‘ಡೂ’ ಬಳಸಲೇಬಾರದೆಂದಿಲ್ಲ. ‘ಲೆಟ್ಸ್ ಡೂ ಎ ಕ್ವಿಕ್ ರಿಯಾಲಿಟಿ ಚೆಕ್ ಆನ್ ದ ಡೆಡ್‌ಲೈನ್’ ಎಂದು ಕಚೇರಿಗಳಲ್ಲಿ ಹೇಳುತ್ತಾರೆ, ಅಲ್ಲಿಯೂ ಪರೀಕ್ಷಿಸುತ್ತಿರುವುದು ತಾವೇ ಹಾಕಿಕೊಂಡ ಗಡುವನ್ನು. ಮೇಲಿನ ಎಂಜಿನಿಯರ್ ಎಡವಿದ್ದು ‘ಡೂ’ ಎಂದದ್ದಕ್ಕಿಂತ ಹೆಚ್ಚಾಗಿ, ಕಟ್ಟಡವನ್ನು ‘ಚೆಕ್’ ಮಾಡಲು ಹೊರಟಿದ್ದರಲ್ಲಿ.

ವ್ಯಕ್ತಿಗೆ ‘ಫಾರ್’, ವಿಷಯಕ್ಕೆ ‘ಆನ್’. ಇಷ್ಟು ನೆನಪಿಟ್ಟರೆ ಸಾಕು.

ಕಾಗುಣಿತದಲ್ಲಿ ಎರಡು ಬಲೆಗಳಿವೆ. ಬ್ಯಾಂಕಿನ ಚೆಕ್ಕನ್ನು ನಾವು ಬ್ರಿಟಿಷರಂತೆ ‘ಕ್ಯೂ’ ಹಾಕಿ ಬರೆಯುತ್ತೇವೆ. ಇಲ್ಲಿ ಯಾವ ದೇಶದವರಿಗೂ ಕೊನೆಗೆ ಬರುವುದು ‘ಸಿ’ ಮತ್ತು ‘ಕೆ’. ಎರಡನೆಯದು ‘ರಿಯಾಲಿಟಿ’ಯಲ್ಲಿ ‘ಎಲ್’ ಆದ ಮೇಲಿನ ‘ಐ’. ಅದು ಬಿಟ್ಟುಹೋದರೆ ‘ರಿಯಾಲ್ಟಿ’ ಆಗುತ್ತದೆ, ಅಂದರೆ ಸೈಟು, ಫ್ಲಾಟು, ರಿಯಲ್ ಎಸ್ಟೇಟ್. ಇಂಗ್ಲಿಷ್ ಪತ್ರಿಕೆಗಳ ಆಸ್ತಿ ಪುಟದಲ್ಲಿ ‘ರಿಯಾಲ್ಟಿ ಚೆಕ್’ ಎಂಬ ಶೀರ್ಷಿಕೆ ಕಂಡರೆ ಅದು ಅಚ್ಚಿನ ತಪ್ಪಲ್ಲ, ಬೇಕೆಂದೇ ಮಾಡಿದ ಶ್ಲೇಷೆ. ನಿಮ್ಮ ಇಮೇಲ್‌ನಲ್ಲಿ ಬಂದರೆ ಮಾತ್ರ ತಪ್ಪೇ.

ಉಚ್ಚಾರಣೆಯಲ್ಲಿ ಒತ್ತು ಎರಡನೇ ಉಚ್ಚಾರಾಂಶದ ಮೇಲೆ: ರಿ-ಆ್ಯ-ಲಿ-ಟಿ. ನಾವು ಹೇಳುವ ‘ರಿಯಾಲಿಟಿ’ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ, ಚಿಂತೆ ಬೇಡ.

ಹೆಜ್ಜೆ 3: ಯಾರಿಗೆ ಹೇಳುತ್ತಿದ್ದೀರಿ ನೋಡಿ

ಸಭ್ಯತೆಯ ದೃಷ್ಟಿಯಿಂದ ಇದು ಚೂಪು ಮಾತು. ‘ಯೂ ನೀಡ್ ಎ ರಿಯಾಲಿಟಿ ಚೆಕ್’ ಎಂದು ಎದುರಿಗಿದ್ದವರಿಗೆ ಹೇಳುವುದು, ಕನ್ನಡದಲ್ಲಿ ‘ನೀನು ಯಾವ ಲೋಕದಲ್ಲಿದ್ದೀಯ?’ ಎಂದು ಕೇಳಿದಷ್ಟೇ ಒರಟು. ಆಪ್ತ ಗೆಳೆಯನಿಗೆ ನಗುತ್ತಾ ಹೇಳಬಹುದು. ಮೇಲಧಿಕಾರಿಗೆ, ಗ್ರಾಹಕನಿಗೆ, ಹೊಸದಾಗಿ ಪರಿಚಯವಾದವರಿಗೆ ಹೇಳುವಂತಿಲ್ಲ. ನಮ್ಮಲ್ಲಿ ಕೆಲವರಿಗೆ ಕನ್ನಡದಲ್ಲಿ ಹೇಳಲು ಬಾಯಿ ಬರದ್ದು ಇಂಗ್ಲಿಷ್‌ನಲ್ಲಾದರೆ ಸಲೀಸಾಗಿ ಬಂದುಬಿಡುತ್ತದೆ. ಕೇಳುವವರ ಕಿವಿಗೆ ಒರಟುತನ ಅಷ್ಟೇ ಇರುತ್ತದೆ.

ದಾರಿ ಇದೆ. ಬಾಣವನ್ನು ತನ್ನ ಕಡೆಗೆ, ಇಲ್ಲವೇ ಎಲ್ಲರ ಕಡೆಗೆ ತಿರುಗಿಸಿಕೊಳ್ಳುವುದು. ‘ಯೂ’ ಬದಲು ‘ವೀ’: ‘ಮೇಬಿ ವೀ ಆಲ್ ನೀಡ್ ಎ ರಿಯಾಲಿಟಿ ಚೆಕ್ ಆನ್ ದ ಬಜೆಟ್.’ ‘ಮೇಬಿ’ ಮುಂದಿಟ್ಟದ್ದು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಅಥವಾ ಘಟನೆಯನ್ನೇ ಕರ್ತೃವಾಗಿಸಿ: ‘ದ ಎಸ್ಟಿಮೇಟ್ ವಾಸ್ ಎ ರಿಯಾಲಿಟಿ ಚೆಕ್ ಫಾರ್ ಅಸ್.’ ಯಾರನ್ನೂ ಬೈದಂತಾಗಲಿಲ್ಲ, ಅಂದಾಜುಪಟ್ಟಿ ತಾನೇ ಕೆಲಸ ಮಾಡಿತು. ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಈ ಮಾತು ವಿನಯವಾಗಿಯೇ ಕೇಳುತ್ತದೆ. ಕೆಲಸದ ಸಂದರ್ಶನದಲ್ಲಿ ‘ಮೈ ಫಸ್ಟ್ ಪ್ರಾಜೆಕ್ಟ್ ವಾಸ್ ಎ ರಿಯಾಲಿಟಿ ಚೆಕ್’ ಎಂದು ಶುರು ಮಾಡಿ, ಏನು ಕಲಿತಿರಿ ಎಂದು ಹೇಳಿದರೆ ಕೇಳುವವರು ತಲೆದೂಗುತ್ತಾರೆ.

ಒಂದು ಕಡೆ ಮಾತ್ರ ಎಂದೂ ಬಳಸಬೇಡಿ: ಸಾವು, ಕಾಯಿಲೆ, ಮನೆ ಮುರಿದ ದುಃಖ. ಪ್ರವಾಹದಲ್ಲಿ ಎಲ್ಲ ಕಳೆದುಕೊಂಡವರ ಬಗ್ಗೆ ‘ಇಟ್ ವಾಸ್ ಎ ರಿಯಾಲಿಟಿ ಚೆಕ್ ಫಾರ್ ದೆಮ್’ ಎಂದರೆ, ಅವರ ಬದುಕು ಭ್ರಮೆಯಾಗಿತ್ತು ಎಂದಂತಾಗುತ್ತದೆ. ಅದೇ ಪ್ರವಾಹ, ರಾಜಕಾಲುವೆ ಮುಚ್ಚಿ ಬಡಾವಣೆಗೆ ಅನುಮತಿ ಕೊಟ್ಟವರಿಗೆ ರಿಯಾಲಿಟಿ ಚೆಕ್ ಆಗಬಹುದು. ಯಾರ ಭ್ರಮೆ ಎಂಬ ಪ್ರಶ್ನೆ ಇಲ್ಲಿ ಬರೀ ವ್ಯಾಕರಣದ್ದಾಗಿ ಉಳಿಯುವುದಿಲ್ಲ.

ಹೆಜ್ಜೆ 4: ಅಕ್ಕಪಕ್ಕದ ಪದಗಳ ಜೊತೆ ಬೆರೆಸಬೇಡಿ

‘ವೇಕ್-ಅಪ್ ಕಾಲ್’ ಹತ್ತಿರದ ಸಂಬಂಧಿ. ಅದು ಮುಂದೆ ಬರುವ ಅಪಾಯದ ಗಂಟೆ: ಎದ್ದು ಏನಾದರೂ ಮಾಡು. ರಕ್ತಪರೀಕ್ಷೆಯಲ್ಲಿ ಸಕ್ಕರೆ ಅಂಶ ಗಡಿ ಮುಟ್ಟಿದ್ದು ವೇಕ್-ಅಪ್ ಕಾಲ್. ‘ನಾನು ದಿನಾ ವಾಕಿಂಗ್ ಮಾಡ್ತೀನಿ, ನನಗೇನಾಗುತ್ತೆ’ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದವರಿಗೆ ಅದೇ ವರದಿ ರಿಯಾಲಿಟಿ ಚೆಕ್ ಕೂಡ.

‘ಫ್ಯಾಕ್ಟ್ ಚೆಕ್’ ನಡೆಯುವುದು ಒಂದು ಹೇಳಿಕೆಯ ಮೇಲೆ. ವಾಟ್ಸಾಪ್‌ನಲ್ಲಿ ಬಂದ ಸುದ್ದಿ ನಿಜವೋ ಸುಳ್ಳೋ ಎಂದು ನೋಡುವುದು ಇದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಈ ಕೆಲಸಕ್ಕೆ. ಗೊಂದಲ ಹೆಚ್ಚಲು ಒಂದು ಕಾರಣವೂ ಇದೆ: ಬಿಬಿಸಿ ತನ್ನ ಫ್ಯಾಕ್ಟ್ ಚೆಕ್ ವಿಭಾಗಕ್ಕೆ ‘ರಿಯಾಲಿಟಿ ಚೆಕ್’ ಎಂದೇ ಹೆಸರಿಟ್ಟಿತ್ತು. ರಾಜಕಾರಣಿಗಳ ಮಾತನ್ನು ಅಂಕಿ-ಅಂಶಗಳ ಪಕ್ಕ ಇಟ್ಟು ತೂಗುವುದು ಅದರ ಕೆಲಸ. 2023ರಲ್ಲಿ ‘ಬಿಬಿಸಿ ವೆರಿಫೈ’ ಬಂದ ಮೇಲೆ ಆ ಕೆಲಸ ಅದರೊಳಗೆ ಸೇರಿಹೋಯಿತು.

‘ಗ್ರೌಂಡ್ ರಿಯಾಲಿಟಿ’ ಭಾರತದ ಇಂಗ್ಲಿಷ್‌ಗೆ ಬಲು ಪ್ರಿಯವಾದ ಮಾತು, ಕಡತದಲ್ಲಿ ಇರುವುದಕ್ಕಿಂತ ಬೇರೆಯಾಗಿ ನೆಲದ ಮೇಲೆ ಇರುವ ಸ್ಥಿತಿ. ಇದು ಸ್ಥಿತಿಯ ಹೆಸರು, ರಿಯಾಲಿಟಿ ಚೆಕ್ ಒಂದು ಘಟನೆಯ ಹೆಸರು. ‘ಇನ್ ರಿಯಾಲಿಟಿ’ ಎಂದರೆ ಬರೀ ‘ವಾಸ್ತವದಲ್ಲಿ’. ಮೊದಲ ವಾಕ್ಯದಲ್ಲಿ ಹೇಳಿದ್ದಕ್ಕೆ ವಿರುದ್ಧವಾದದ್ದು ಎರಡನೆಯದರಲ್ಲಿ ಬರುವಾಗ ಮಾತ್ರ ಹಾಕಿ. ‘ಇನ್ ರಿಯಾಲಿಟಿ ಮೈ ನೇಮ್ ಈಸ್ ಸುಮಾ’ ಎಂದರೆ ಇಷ್ಟು ದಿನ ಬೇರೆ ಹೆಸರಿನಲ್ಲಿ ಓಡಾಡುತ್ತಿದ್ದಿರೇ ಎಂದು ಕೇಳುತ್ತಾರೆ.

ಹೆಜ್ಜೆ 5: ಕನ್ನಡಕ್ಕೆ ತರುವಾಗ

ಅನುವಾದ ಮಾಡುವವರು ಇದನ್ನು ‘ವಾಸ್ತವ ಪರಿಶೀಲನೆ’ ಎಂದು ಬರೆದು ಕೈತೊಳೆದುಕೊಳ್ಳುವುದನ್ನು ಆಗಾಗ ಕಾಣುತ್ತೇವೆ. ಅದು ತಾಲ್ಲೂಕು ಕಚೇರಿಯ ಸುತ್ತೋಲೆಯಂತೆ ಕೇಳುತ್ತದೆ. ಕನ್ನಡಕ್ಕೆ ಇಲ್ಲಿ ನಾಮಪದವೇ ಬೇಕಾಗಿಲ್ಲ, ಕ್ರಿಯಾಪದದಲ್ಲಿ ಹೇಳಿದರೆ ಕೆಲಸ ತಾನಾಗಿ ಆಗುತ್ತದೆ. ‘ಭ್ರಮೆ ಕಳಚಿತು’ ಬಹುಪಾಲು ಕಡೆ ಸಲ್ಲುತ್ತದೆ. ಅಹಂಕಾರ ಇದ್ದ ಕಡೆ ‘ಅಮಲು ಇಳಿಯಿತು’. ದೊಡ್ಡ ಯೋಜನೆ ಕುಸಿದಾಗ ‘ಕಟ್ಟಿದ ಗಾಳಿಗೋಪುರ ಉರುಳಿತು’. ತಿಳಿವಳಿಕೆ ಬಂತು ಎಂಬ ಒಳ್ಳೆಯ ಧ್ವನಿ ಬೇಕಿದ್ದರೆ ‘ಕಣ್ಣು ತೆರೆಸಿತು’. ಅಕ್ಕ ತಂಗಿಗೆ ಬುದ್ಧಿ ಹೇಳುವ ಸನ್ನಿವೇಶದಲ್ಲಿ ‘ಇದ್ದದ್ದು ಇದ್ದ ಹಾಗೆ ಹೇಳಿದಳು’ ಎಂದರೆ ಸಾಕು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದನ್ನು ಮಾತ್ರ ಇದಕ್ಕೆ ಸಮ ಎಂದು ಹಾಕಬೇಡಿ. ಅದು ಮೊದಲೇ ಹೇಳುವ ಎಚ್ಚರಿಕೆ, ಕಾಲು ಹೊರಗೆ ಚಾಚಿಕೊಂಡು ಚಳಿ ತಿಂದ ಮೇಲಿನ ಮಾತಲ್ಲ.

ಹಾಗಾದರೆ ನಮ್ಮ ಟಿವಿಯವರ ಬಳಕೆ ತಪ್ಪೇ? ಪೂರ್ತಿ ತಪ್ಪು ಎನ್ನಲಾರೆ. ‘ಎಲ್ಲ ಆಸ್ಪತ್ರೆಗಳಲ್ಲೂ ಔಷಧ ದಾಸ್ತಾನಿದೆ’ ಎಂದು ಸಚಿವರು ಬೆಳಿಗ್ಗೆ ಹೇಳಿ, ಮಧ್ಯಾಹ್ನ ಕ್ಯಾಮೆರಾ ಖಾಲಿ ಕಪಾಟು ತೋರಿಸಿದರೆ, ಒಂದು ಹೇಳಿಕೆ ಮುರಿದುಬಿತ್ತು. ಅದು ಇಂಗ್ಲಿಷ್ ಅರ್ಥಕ್ಕೆ ಹತ್ತಿರವೇ. ಆದರೆ ‘ಸಿಲ್ಕ್ ಬೋರ್ಡ್ ಟ್ರಾಫಿಕ್: ರಿಯಾಲಿಟಿ ಚೆಕ್’ ಎಂದರೆ ನಗು ಬರುತ್ತದೆ. ಅಲ್ಲಿ ವಾಹನ ಸಲೀಸಾಗಿ ಹೋಗುತ್ತದೆ ಎಂಬ ಭ್ರಮೆ ಬೆಂಗಳೂರಿನಲ್ಲಿ ಯಾರಿಗಿದೆ? ಕನ್ನಡದೊಳಗೆ ಈ ಪದ ತನ್ನದೇ ಅರ್ಥ ಪಡೆದುಕೊಂಡಿದೆ, ಕನ್ನಡದಲ್ಲಿ ಹಾಗೇ ಇರಲಿ. ಇಂಗ್ಲಿಷ್‌ಗೆ ದಾಟುವಾಗ ಆ ಅರ್ಥವನ್ನು ಹೊತ್ತೊಯ್ಯದಿದ್ದರೆ ಆಯಿತು.

ನೀವೇ ನೋಡಿ

ಕೆಳಗಿನ ಸಂದರ್ಭಗಳಲ್ಲಿ ಎಲ್ಲಿ ರಿಯಾಲಿಟಿ ಚೆಕ್ ಹೊಂದುತ್ತದೆ ಎಂದು ಮೊದಲು ಮನಸ್ಸಿನಲ್ಲಿ ಉತ್ತರಿಸಿಕೊಂಡು ಆಮೇಲೆ ಮುಂದೆ ಓದಿ.

1. 30 ಲಕ್ಷದಲ್ಲಿ ಮನೆ ಮುಗಿಯುತ್ತದೆ ಎಂದುಕೊಂಡವರಿಗೆ ಮೇಸ್ತ್ರಿ 48 ಲಕ್ಷದ ಲೆಕ್ಕ ಕೊಟ್ಟ.
2. ಮೈಸೂರಿಗೆ ಹೋಗುವ ರೈಲು ತಪ್ಪಿತು.
3. ಊರಿನ ಶಾಲೆಯಲ್ಲಿ ಸದಾ ಮೊದಲಿಗನಾಗಿದ್ದ ಹುಡುಗ ಕೋಚಿಂಗ್ ಸೆಂಟರಿನ ಮೊದಲ ಪರೀಕ್ಷೆಯಲ್ಲಿ ಕೊನೆಯ ಸಾಲಿಗೆ ಬಿದ್ದ.
4. ಗ್ರಾಮ ಪಂಚಾಯಿತಿ ಸದಸ್ಯರು ಕುಡಿಯುವ ನೀರಿನ ಟ್ಯಾಂಕ್ ನೋಡಲು ಹೋದರು.
5. 2 ವರ್ಷದ ಅನುಭವಕ್ಕೆ ದುಪ್ಪಟ್ಟು ಸಂಬಳ ಸಿಗುತ್ತದೆಂದು ಕೆಲಸ ಬಿಟ್ಟವಳಿಗೆ 6 ತಿಂಗಳಾದರೂ ಒಂದು ಆಫರ್ ಬರಲಿಲ್ಲ.

ಒಂದು, ಮೂರು, ಐದಕ್ಕೆ ಹೊಂದುತ್ತದೆ. ಎರಡನೆಯದು ಬರೀ ದುರದೃಷ್ಟ, ‘ಬ್ಯಾಡ್ ಲಕ್’. ನಾಲ್ಕನೆಯದು ‘ಇನ್ಸ್‌ಪೆಕ್ಷನ್’, ಟ್ಯಾಂಕ್ ತುಂಬಿದೆ ಎಂದು ಅದೇ ಸದಸ್ಯರು ಹಿಂದಿನ ದಿನ ಭಾಷಣ ಮಾಡಿ, ಮುಚ್ಚಳ ತೆಗೆದಾಗ ತಳ ಕಂಡಿದ್ದರೆ ಮಾತ್ರ ಉತ್ತರ ಬದಲಾಗುತ್ತದೆ. ಮೂರನೆಯದರಲ್ಲಿ ಹುಡುಗನ ಬಗ್ಗೆ ನೀವು ಬರೆಯುವುದಾದರೆ ‘ದ ಟೆಸ್ಟ್ ವಾಸ್ ಎ ರಿಯಾಲಿಟಿ ಚೆಕ್ ಫಾರ್ ಹಿಮ್’ ಎನ್ನಿ. ಅವನಿಗೇ ಹೇಳುವುದಾದರೆ ಈ ಮಾತು ಬೇಡ, ಪಕ್ಕದಲ್ಲಿ ಕೂತು ಎಲ್ಲೆಲ್ಲಿ ಅಂಕ ಹೋಯಿತು ಎಂದು ನೋಡಿ.